ಬಸ್‌ಸ್ಟ್ಯಾಂಡಲ್ಲಿ ಸುಳ್ಳೇ ತಲೆ ಸುತ್ತಿ ಬೀಳುದು, ಡೆಸರ್ಟೇಶನ್‌ಗೆ ಅಂತ ಮಾಡ್ಬಹುದಾ?

ಬದಿಯಡ್ಕ_ಎಂಎಸ್ಸಿ

ಎಲ್ಲರಿಗೂ ನಮಸ್ಕಾರ. ಎಂಎಸ್ಸಿ ಸೈಕಾಲಜಿ ಕೊನೆ ವರ್ಷ, ಊರು ಬದಿಯಡ್ಕ ಹತ್ರ. ಡೆಸರ್ಟೇಶನ್‌ಗೆ ಒಂದು ಐಡಿಯಾ ಉಂಟು, ಅದ್ರ ಮೇಲೆ ಕ್ಲಾಸಲ್ಲಿ ಜೋರು ಜಗಳ ಆಗಿ ಅರ್ಧ ಜನ ಈಗ ನನ್ನ ಹತ್ರ ಸರಿ ಮಾತಾಡುದಿಲ್ಲ, ಹಾಗಾಗಿ ಹೊರಗಿನವ್ರು ಏನು ಹೇಳ್ತೀರಿ ಅಂತ ನೋಡ್ಬೇಕು.

ವಿಷಯ ಬೈಸ್ಟ್ಯಾಂಡರ್ ಎಫೆಕ್ಟ್. ಒಬ್ರಿಗೆ ಏನಾದ್ರೂ ಆದಾಗ ಸುತ್ತ ಜನ ಜಾಸ್ತಿ ಇದ್ದಷ್ಟೂ ಒಬ್ಬೊಬ್ರೂ "ಬೇರೆ ಯಾರಾದ್ರೂ ನೋಡ್ತಾರೆ ಬಿಡು" ಅಂತ ನಿಂತುಬಿಡುದು. ನನ್ನ ಪ್ಲಾನ್ ಎಂತ ಅಂದ್ರೆ ಕಾಸರಗೋಡು ಹೊಸ ಬಸ್‌ಸ್ಟ್ಯಾಂಡಲ್ಲಿ ನನ್ನ ಫ್ರೆಂಡ್ ತಲೆ ಸುತ್ತಿ ಬಿದ್ದ ಹಾಗೆ ಮಾಡ್ತಾಳೆ. ಮಧ್ಯಾಹ್ನ ಜನ ಕಡ್ಮೆ ಇರುವಾಗ ಕೆಲವು ಸಲ, ಸಂಜೆ ಕಾಲೇಜು ಬಿಟ್ಟ ರಶ್ಶಲ್ಲಿ ಕೆಲವು ಸಲ. ಯಾರು ಬಂದ್ರು, ಎಷ್ಟು ಸೆಕೆಂಡಿಗೆ ಬಂದ್ರು ಅಂತ ನಾನು ದೂರದಲ್ಲಿ ನಿಂತು ಬರ್ಕೊಳ್ಳುದು, ಮೊಬೈಲಲ್ಲಿ ವಿಡಿಯೋನೂ ಮಾಡುದು. ಅರ್ಧ ಸಲ ಅವಳು ಕನ್ನಡದಲ್ಲಿ ನೀರು ಕೇಳ್ತಾಳೆ, ಅರ್ಧ ಸಲ ಮಲಯಾಳದಲ್ಲಿ. ಭಾಷೆ ನೋಡಿ ಸಹಾಯ ಮಾಡ್ತಾರಾ ಅಂತ ಗೊತ್ತಾಗ್ತದೆ.

ಗೈಡ್ ಹೇಳಿದ್ರು ಎಥಿಕ್ಸ್ ಕಮಿಟಿಗೆ ಹಾಕು, ಅವ್ರು ನೋಡ್ಕೊಳ್ತಾರೆ ಅಂತ. ಸೀನಿಯರ್ ಒಬ್ರು ಹೇಳಿದ್ರು ಪಬ್ಲಿಕ್ ಪ್ಲೇಸ್ ಅಲ್ವಾ, ಒಪ್ಪಿಗೆ ಕೇಳ್ಬೇಕೂಂತ ಇಲ್ಲ ಅಂತ. ನನ್ನ ರೂಮ್‌ಮೇಟ್ ಮಾತ್ರ ಇದು ಜನರಿಗೆ ಮಾಡುವ ಮೋಸ ಅಂತಾಳೆ. ನೀವು ಎಂತ ಹೇಳ್ತೀರಿ?

ಸುಮ್ನೆ_ನೋಡುವವ

ನಾನೇನೂ ಹೇಳುದಿಲ್ಲ, ಬೇರೆ ಯಾರಾದ್ರೂ ಹೇಳ್ತಾರೆ.

ಕುಂಬಳೆ_ರಿಕ್ಷಾ

ತಂಗೀ, ಸಿಟ್ಟು ಮಾಡ್ಬೇಡ, ನಾನು ಓದಿದ್ದು ಕಡ್ಮೆ, ಆದ್ರೆ ಬಸ್‌ಸ್ಟ್ಯಾಂಡ್ ವಿಷಯ ಸ್ವಲ್ಪ ಗೊತ್ತುಂಟು. ಅಲ್ಲಿ ಒಬ್ಬಳು ಹುಡುಗಿ ಬಿದ್ರೆ ಮೊದ್ಲು ಓಡುದು ಯಾರು ಅಂತ ನಿನಗೆ ಗೊತ್ತುಂಟಾ, ಕ್ಯೂನಲ್ಲಿ ಗಾಡಿ ಇಟ್ಟ ರಿಕ್ಷಾದವ, ಲೋಡಿಂಗ್‌ನವ್ರು, ಲಾಟ್ರಿ ಮಾರುವವ, ಜ್ಯೂಸ್ ಅಂಗಡಿಯ ಹುಡುಗ. ನಾನು ಕ್ಯೂ ಬಿಟ್ಟು ಓಡಿದ್ರೆ ನನ್ನ ಸರದಿ ಹೋಯ್ತು, ಮತ್ತೆ ಹಿಂದೆ ಹೋಗಿ ನಿಲ್ಬೇಕು, ಮಧ್ಯಾಹ್ನದ ಹೊತ್ತಿಗೆ ಒಂದು ಬಾಡಿಗೆ ಅಂದ್ರೆ ಸಣ್ಣ ವಿಷಯ ಅಲ್ಲ. ಅದು ನಿಜವಾಗಿ ಬಿದ್ದವ್ರಿಗಾದ್ರೆ ಹೋಗ್ಲಿ ಅಂತ ಬಿಡ್ತೇವೆ, ಲೆಕ್ಕ ಇಡುದಿಲ್ಲ. ನಿನ್ನ ಫ್ರೆಂಡ್ ಎದ್ದು ಕೂತು "ಅಣ್ಣ, ಇದು ಸ್ಟಡಿ" ಅಂತ ಹೇಳಿದ್ರೆ ನನಗೆ ಹೇಗೆ ಆಗ್ಬೇಕು? ನೀನು ಅಲ್ಲಿ ಆಚೆ ನಿಂತು ಸೆಕೆಂಡ್ ಲೆಕ್ಕ ಹಾಕ್ತಿದ್ದಿ.

ಇನ್ನೊಂದು ಎಂತ ಅಂದ್ರೆ ಸ್ಟ್ಯಾಂಡಲ್ಲಿ ಸುದ್ದಿ ಹೋಗ್ಲಿಕ್ಕೆ ಹತ್ತು ನಿಮಿಷ ಸಾಕು. ನಾಳೆ ಒಬ್ರು ಅಜ್ಜಿ ಶುಗರ್ ಕಡ್ಮೆ ಆಗಿ ಬಿದ್ರೆ "ಇದು ಕಾಲೇಜಿನ ಮಕ್ಕಳದ್ದು ನಾಟಕ" ಅಂತ ಒಬ್ಬ ಹೇಳಿದ್ರೆ ಆಯ್ತು, ಎಲ್ಲರೂ ನಗಾಡ್ತಾ ನಿಲ್ತಾರೆ. ಅಜ್ಜಿ ಕತೆ ಎಂತ?

ಕೊನೆಬೆಂಚು_ಲೆಕ್ಚರರ್

ರಿಕ್ಷಾದ ಅಣ್ಣ ಹೇಳಿದ್ದು ಸಂಶೋಧನೆಯವ್ರು ಐವತ್ತು ವರ್ಷದಿಂದ ಚರ್ಚೆ ಮಾಡ್ತಿರುವ ವಿಷಯವೇ. ಸ್ವಲ್ಪ ಹಿನ್ನೆಲೆ ಹೇಳ್ತೇನೆ, ಉದ್ದ ಆಗ್ತದೆ, ಕ್ಷಮಿಸಿ, ಪಾಠ ಮಾಡಿ ಅಭ್ಯಾಸ.

1968ರಲ್ಲಿ ಜಾನ್ ಡಾರ್ಲಿ ಮತ್ತೆ ಬಿಬ್ ಲಟಾನೆ ಅಂತ ಇಬ್ರು ಮಾಡಿದ ಪ್ರಯೋಗ ಇದಕ್ಕೆ ಮೂಲ. ನ್ಯೂಯಾರ್ಕಲ್ಲಿ ಕಾಲೇಜು ವಿದ್ಯಾರ್ಥಿಗಳನ್ನು ಒಬ್ಬೊಬ್ರನ್ನೇ ಒಂದೊಂದು ರೂಮಲ್ಲಿ ಕೂರಿಸಿದ್ರು, ಮಾತುಕತೆ ಎಲ್ಲ ಇಂಟರ್‌ಕಾಮಲ್ಲಿ. ಮಧ್ಯದಲ್ಲಿ ಒಬ್ಬನಿಗೆ ಫಿಟ್ಸ್ ಬಂದ ಹಾಗೆ ಶಬ್ದ ಕೇಳ್ತದೆ, ಅದು ಮೊದ್ಲೇ ರೆಕಾರ್ಡ್ ಮಾಡಿದ್ದು. ಕೇಳ್ತಿರುದು ತಾನೊಬ್ಬನೇ ಅಂತ ತಿಳ್ಕೊಂಡವ್ರಲ್ಲಿ ಫಿಟ್ಸ್ ಮುಗಿಯುದ್ರೊಳಗೆ 85% ಜನ ಎದ್ದು ಹೋಗಿ ಹೇಳಿದ್ರು. ತನ್ನ ಜೊತೆ ಇನ್ನೊಬ್ಬನೂ ಕೇಳ್ತಿದ್ದಾನೆ ಅಂತ ತಿಳ್ಕೊಂಡವ್ರಲ್ಲಿ 62%. ಇನ್ನೂ ನಾಲ್ಕು ಜನ ಕೇಳ್ತಿದ್ದಾರೆ ಅಂತ ತಿಳ್ಕೊಂಡವ್ರಲ್ಲಿ ಬರೀ 31%. ಅದೇ ವರ್ಷ ಹೊಗೆಯ ಪ್ರಯೋಗ: ಫಾರ್ಮ್ ತುಂಬಿಸ್ತಾ ಕೂತ ರೂಮಿಗೆ ಗೋಡೆಯಿಂದ ಹೊಗೆ ಬಿಡುದು. ಒಬ್ನೇ ಇದ್ರೆ 75% ಜನ ಹೊರಗೆ ಹೋಗಿ ಹೇಳಿದ್ರು, ಪಕ್ಕದಲ್ಲಿ ಏನೂ ಆಗದವ್ರ ಹಾಗೆ ಕೂರ್ಲಿಕ್ಕೆ ಇಬ್ರು ನಟರನ್ನು ಇಟ್ರೆ 10% ಮಾತ್ರ. ಹೊಗೆಯಲ್ಲಿ ಕಣ್ಣು ಉಜ್ಜಿಕೊಳ್ತಾ ಫಾರ್ಮ್ ತುಂಬಿಸಿದ್ರು ಮಾರಾಯ್ರೇ.

ಇದು ಲ್ಯಾಬ್. ಒಂದು ಸ್ಟಡಿಗೆ ಬಂದಿದ್ದೇವೆ ಅಂತ ಅವ್ರಿಗೆ ಗೊತ್ತಿತ್ತು, ಯಾವ ಸ್ಟಡಿ ಅಂತ ಮಾತ್ರ ಗೊತ್ತಿರ್ಲಿಲ್ಲ, ಮುಗಿದ ಮೇಲೆ ನಿಜ ಹೇಳಿದ್ರು. ಬದಿಯಡ್ಕದವ್ರ ಪ್ಲಾನಿಗೆ ಹತ್ತಿರ ಇರುದು ಅದ್ರ ಮರುವರ್ಷ ಬಂದ ಪಿಲಿಯಾವಿನ್ ಅವ್ರದ್ದು. ನ್ಯೂಯಾರ್ಕ್ ಸಬ್‌ವೇ ರೈಲು, 59ನೇ ಸ್ಟ್ರೀಟಿಂದ 125ನೇ ಸ್ಟ್ರೀಟಿಗೆ ಮಧ್ಯೆ ಸ್ಟಾಪ್ ಇಲ್ಲದೆ ಏಳೂವರೆ ನಿಮಿಷ, ಅಂದ್ರೆ ಜನ ಇಳಿದು ಹೋಗುವ ಹಾಗೂ ಇಲ್ಲ. ಒಬ್ಬ ಬೀಳುದು. ಕೆಲವು ಸಲ ಕೈಯಲ್ಲಿ ಊರುಗೋಲು, ಕೆಲವು ಸಲ ಕುಡಿದ ವಾಸನೆ, ಕೈಯಲ್ಲಿ ಬಾಟ್ಲಿ. ಊರುಗೋಲಿನವನಿಗೆ 65 ಸಲದಲ್ಲಿ 62 ಸಲ ಪ್ರಯಾಣಿಕರು ತಾವಾಗಿ ಸಹಾಯ ಮಾಡಿದ್ರು, ಕುಡುಕನಿಗೆ 38ರಲ್ಲಿ 19 ಸಲ. ಜನ ಜಾಸ್ತಿ ಇದ್ರೆ ಸಹಾಯ ಕಡ್ಮೆ ಅಂತ ಅಲ್ಲಿ ಕಾಣ್ಲೇ ಇಲ್ಲ, ಲ್ಯಾಬಿಗೆ ಉಲ್ಟಾ. ಹಾಗಾಗಿ ವಿಜ್ಞಾನದ ಲೆಕ್ಕದಲ್ಲಿ ಅದು ದೊಡ್ಡ ಸ್ಟಡಿ. ಆದ್ರೆ ಸುಮಾರು 4,450 ಪ್ರಯಾಣಿಕರು ಅದ್ರಲ್ಲಿ ಸಿಕ್ಕಿದ್ರು, ಒಬ್ರಿಗೂ ಮೊದ್ಲೂ ಹೇಳ್ಲಿಲ್ಲ, ಆಮೇಲೂ ಹೇಳ್ಲಿಲ್ಲ. ಇನ್ನೊಂದು ತಮಾಷೆ, ಕುಡುಕನ ಪಾತ್ರದ ಲೆಕ್ಕ ಕಡ್ಮೆ ಆದದ್ದಕ್ಕೆ ಒಂದು ಕಾರಣ ಏನಂದ್ರೆ ಬೀಳುವ ಹುಡುಗರಲ್ಲಿ ಒಬ್ಬನಿಗೆ ಆ ಪಾತ್ರ ಮಾಡ್ಲಿಕ್ಕೆ ಇಷ್ಟ ಇರ್ಲಿಲ್ಲ! ನಟನಿಗೆ ಬೇಡ ಅನ್ನುವ ಅವಕಾಶ ಇತ್ತು. ನೋಡಿದ ಪ್ರಯಾಣಿಕರಿಗೆ ಆ ಅವಕಾಶ ಎಲ್ಲಿತ್ತು?

ಬದಿಯಡ್ಕ_ಎಂಎಸ್ಸಿ

ಸರ್, ಹಾಗಾದ್ರೆ ಅಷ್ಟು ದೊಡ್ಡವ್ರೇ ಮಾಡಿದ್ದಾರಲ್ಲ. ಪಬ್ಲಿಕ್ ಪ್ಲೇಸಿಗೆ ವಿನಾಯಿತಿ ಅಂತ ಇದ್ದದ್ದು ಸುಳ್ಳಾ?

ಕೊನೆಬೆಂಚು_ಲೆಕ್ಚರರ್

ವಿನಾಯಿತಿ ಇರುದು ನೋಡ್ಲಿಕ್ಕೆ. ಬಸ್‌ಸ್ಟ್ಯಾಂಡಲ್ಲಿ ಕೂತು ಜನ ಹೇಗೆ ಕ್ಯೂ ನಿಲ್ತಾರೆ ಅಂತ ನೀವು ಲೆಕ್ಕ ಮಾಡಿ, ಯಾರ ಗುರುತೂ ಬರೆಯದಿದ್ರೆ ಯಾರೂ ಕೇಳುದಿಲ್ಲ. ನೀವು ಅಲ್ಲಿ ಇಲ್ಲದ ಒಂದು ಘಟನೆಯನ್ನು ತಂದು ಜನರ ಮಧ್ಯೆ ಹಾಕಿದ ಕೂಡ್ಲೇ ಅದು ಬರೀ ನೋಡುದಲ್ಲ, ಅವ್ರನ್ನು ಪ್ರಯೋಗಕ್ಕೆ ಎಳೆದ ಹಾಗೆ. ಮತ್ತೆ 1969ರಲ್ಲಿ ಈಗಿನ ಹಾಗೆ ಕಟ್ಟುನಿಟ್ಟು ಇರ್ಲಿಲ್ಲ. ಟಸ್ಕೆಗೀಯಲ್ಲಿ 1932ರಿಂದ 1972ರ ವರೆಗೆ ಕಪ್ಪು ಜನರ ಸಿಫಿಲಿಸ್ ಕಾಯಿಲೆಗೆ ಮದ್ದು ಕೊಡದೆ ನೋಡ್ತಾ ಕೂತದ್ದು ಹೊರಗೆ ಬಂದ ಮೇಲೆ ಅಮೆರಿಕದಲ್ಲಿ 1974ರಲ್ಲಿ ಕಾನೂನು ಆಯ್ತು, 1979ರಲ್ಲಿ ಸಂಶೋಧನೆಯ ನೀತಿ ಬಗ್ಗೆ ಬೆಲ್ಮಾಂಟ್ ವರದಿ ಬಂತು. ವ್ಯಕ್ತಿಗೆ ಗೌರವ, ಒಳಿತು, ನ್ಯಾಯ, ಈ ಮೂರು ಅದ್ರಲ್ಲಿ. ನಮ್ಮಲ್ಲಿ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿ ಉಂಟು, ಅದ್ರಲ್ಲಿ ಸಾಮಾಜಿಕ, ವರ್ತನೆಯ ಸಂಶೋಧನೆಗೇ ಒಂದು ಭಾಗ ಉಂಟು. ಸೀನಿಯರ್ ಬಾಯಲ್ಲಿ ಕೇಳುದ್ರ ಬದ್ಲು ಅದನ್ನು ಓದಿ.

ಕ್ಯಾಶುವಾಲ್ಟಿ_ಸಿಸ್ಟರ್

ಮಂಗ್ಳೂರಲ್ಲಿ ನರ್ಸ್, ಮನೆ ಉಪ್ಪಳ. ನಾನು ಥಿಯರಿ ಹೇಳುದಿಲ್ಲ, ಬಿದ್ದ ಕೂಡ್ಲೇ ಜನ ಎಂತ ಮಾಡ್ತಾರೆ ಅಂತ ಹೇಳ್ತೇನೆ, ಯಾಕಂದ್ರೆ ಅದ್ರ ಪರಿಣಾಮ ನಾವು ನೋಡುದು. ಬಾಯಿಗೆ ನೀರು ಹೊಯ್ತಾರೆ (ಪ್ರಜ್ಞೆ ಇಲ್ಲದವ್ರಿಗೆ ಖಂಡಿತ ಮಾಡ್ಬಾರದು, ಶ್ವಾಸಕ್ಕೆ ಹೋಗ್ತದೆ), ಕೈಗೆ ಕಬ್ಬಿಣದ ಕೀ ಕೊಡ್ತಾರೆ, ಕೆನ್ನೆಗೆ ಹೊಡೀತಾರೆ. ಈಗ ಸಿಪಿಆರ್ ಕ್ಲಾಸ್ ಎಲ್ಲ ಕಡೆ ಆಗ್ತದೆ, ಅರ್ಧ ಕಲ್ತ ಒಬ್ಬ ಬಂದು ಎದೆ ಒತ್ತಲಿಕ್ಕೆ ಸುರು ಮಾಡಿದ್ರೆ ನಿಮ್ಮ ಫ್ರೆಂಡಿನ ಪಕ್ಕೆಲುಬು ಹೋಗ್ತದೆ. ಯಾರಾದ್ರೂ 108ಕ್ಕೆ ಫೋನ್ ಮಾಡಿದ್ರೆ? ಆಂಬುಲೆನ್ಸ್ ನಿಮ್ಮ ಡೆಸರ್ಟೇಶನಿಗೆ ಬರ್ತದೆ, ಆ ಹೊತ್ತಿಗೆ ಚೆರ್ಕಳದಲ್ಲಿ ಬೈಕ್ ಆಕ್ಸಿಡೆಂಟ್ ಆದವನಿಗೆ ಬರುದಿಲ್ಲ. ನಮ್ಮ ಜಿಲ್ಲೆಯಲ್ಲಿ ಸ್ವಲ್ಪ ಸೀರಿಯಸ್ ಅಂದ್ರೆ ಮಂಗ್ಳೂರಿಗೇ ಓಡ್ಬೇಕು, 2020ರಲ್ಲಿ ಕೊರೋನಾ ಅಂತ ತಲಪಾಡಿ ಗಡಿ ಮುಚ್ಚಿದಾಗ ಎಂತ ಆಯ್ತು ಅಂತ ಯಾರಿಗೂ ಹೇಳಿಕೊಡ್ಬೇಕೂಂತಿಲ್ಲ. ಆಂಬುಲೆನ್ಸ್ ಜೊತೆ ಆಟ ಬೇಡ.

ಓಡಿ ಬರುವವ್ರದ್ದೂ ಯೋಚನೆ ಮಾಡಿ. ಅದ್ರಲ್ಲಿ ಹಾರ್ಟಿನವ್ರು ಇರ್ಬಹುದು, ಮನೆಯಲ್ಲಿ ಮೊನ್ನೆ ಯಾರೋ ಹೀಗೇ ಬಿದ್ದು ತೀರಿಹೋದವ್ರು ಇರ್ಬಹುದು. ಲ್ಯಾಬಲ್ಲಾದ್ರೆ ಬರುವ ಮೊದ್ಲು ಅಂಥವ್ರನ್ನು ಕೇಳಿ ಬಿಡ್ಲಿಕ್ಕಾಗ್ತದೆ. ಬಸ್‌ಸ್ಟ್ಯಾಂಡಲ್ಲಿ ಯಾರನ್ನು ಬಿಡ್ತೀರಿ?

ಮತ್ತೆ ಹುಡುಗಿಯನ್ನೇ ಯಾಕೆ ಬೀಳಿಸುದು? ನಮ್ಮ ಕಡೆ ಬಿದ್ದ ಹುಡುಗಿಯನ್ನು ಮುಟ್ಲಿಕ್ಕೆ ಗಂಡಸ್ರು ಹೆದರ್ತಾರೆ, ಯಾರಾದ್ರೂ ತಪ್ಪು ತಿಳ್ಕೊಂಡು ವಿಡಿಯೋ ಮಾಡಿದ್ರೆ ಅಂತ. ಹೆಂಗಸ್ರು ಬರ್ಲಿ ಅಂತ ಕಾಯ್ತಾರೆ. ಅದು "ಬೇರೆಯವ್ರು ನೋಡ್ತಾರೆ ಬಿಡು" ಅನ್ನುದಲ್ಲ, ಹೆದರಿಕೆ ಮತ್ತೆ ಮರ್ಯಾದೆ. ನಿಮ್ಮ ಸ್ಟಾಪ್‌ವಾಚಿಗೆ ಎರಡೂ ಒಂದೇ. ಜನರಿಗೆ ತೊಂದ್ರೆ ಕೊಟ್ಟು ಕೊನೆಗೆ ಉತ್ತರವೂ ಸಿಗದಿದ್ರೆ ಅದಕ್ಕಿಂತ ದೊಡ್ಡ ಅನ್ಯಾಯ ಇಲ್ಲ.

ಸುಮ್ನೆ_ನೋಡುವವ

ಯೂಟ್ಯೂಬಲ್ಲಿ ಪ್ರಾಂಕ್ ಅಂತ ದಿನಾ ಮಾಡ್ತಾರೆ, ಕೆಳಗೆ "ಸೋಶಿಯಲ್ ಎಕ್ಸ್‌ಪೆರಿಮೆಂಟ್" ಅಂತ ಬೇರೆ ಹಾಕ್ತಾರೆ. ಅವ್ರಿಗೆ ಯಾವ ಕಮಿಟಿಯೂ ಇಲ್ಲ. ಪಾಪ ಓದುವ ಮಕ್ಕಳಿಗೆ ಮಾತ್ರ ಫಾರ್ಮ್.

ಪೆರ್ಲದ_ಮಾಷ್ಟ್ರು

ಸುಮ್ನೆ ನೋಡುವವರೇ, ಅವರು ಮಾಡ್ತಾರೆ ಅಂತ ಇವಳೂ ಮಾಡ್ಲಿಕ್ಕುಂಟಾ. ಇವಳ ಹೆಸರಿನ ಮುಂದೆ ವಿಶ್ವವಿದ್ಯಾಲಯದ ಹೆಸರು ಇರ್ತದೆ, ಜನ ಅದನ್ನು ನಂಬ್ತಾರೆ.

ಮಗಳೇ, ನನಗೆ ಬೇರೆ ಒಂದು ಹೇಳ್ಬೇಕು. ಈ ಇಡೀ ವಿಷಯ ಸುರುವಾದದ್ದು ಕಿಟ್ಟಿ ಜಿನೊವೀಸ್ ಅನ್ನುವ ಹುಡುಗಿಯ ಕೊಲೆಯಿಂದ, 1964 ಮಾರ್ಚ್ 13, ನ್ಯೂಯಾರ್ಕಿನ ಕ್ವೀನ್ಸ್, ಆಗ ಅವಳಿಗೆ 28 ವರ್ಷ. ಎರಡು ವಾರ ಬಿಟ್ಟು ನ್ಯೂಯಾರ್ಕ್ ಟೈಮ್ಸ್ ಮುಖಪುಟದಲ್ಲಿ ಬರೆಯಿತು, ಹೆಡ್ಡಿಂಗಲ್ಲಿ 37 ಜನ, ಒಳಗೆ ಸುದ್ದಿಯಲ್ಲಿ 38 ಜನ, ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ನೋಡ್ತಾ ನಿಂತ್ರು, ಯಾರೂ ಪೊಲೀಸಿಗೆ ಹೇಳ್ಲಿಲ್ಲ ಅಂತ. ನಾನೂ ಅದನ್ನೇ ಮಕ್ಕಳಿಗೆ ಕತೆ ಹೇಳುವವನು, ನಮ್ಮ ಪುಸ್ತಕದಲ್ಲೂ ಹಾಗೇ ಇತ್ತು. ಆಮೇಲೆ ದಾಖಲೆ ತೆಗೆದು ನೋಡಿದವರು ಬರೆದದ್ದು ಬೇರೆ. ಅಷ್ಟು ಜನ ಕಿಟಕಿಯಲ್ಲಿ ನಿಂತು ನೋಡಿದ್ದಕ್ಕೆ ಆಧಾರ ಇಲ್ಲ, ಎರಡನೇ ಸಲ ಕೊಲೆಗಾರ ಹೊಡೆದದ್ದು ಕಟ್ಟಡದ ಒಳಗೆ ಮೆಟ್ಟಿಲ ಹತ್ರ, ಹೊರಗಿನವರಿಗೆ ಕಾಣುವ ಜಾಗವೇ ಅಲ್ಲ. ಪಕ್ಕದ ಮನೆಯ ಹೆಂಗಸು ಓಡಿ ಬಂದು ಕೊನೆಗೆ ಅವಳನ್ನು ತನ್ನ ಕೈಯಲ್ಲಿ ಹಿಡ್ಕೊಂಡು ಕೂತಿದ್ದಳು. 2007ರಲ್ಲಿ ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞರು ಇದ್ರ ಮೇಲೆ ದೊಡ್ಡ ಲೇಖನ ಬರೆದ್ರು, 2016ರಲ್ಲಿ ಆ ಪತ್ರಿಕೆಯೇ ತನ್ನ ಹಳೆ ವರದಿಯಲ್ಲಿ ದೋಷ ಇತ್ತು ಅಂತ ಒಪ್ಪಿತು. ಐವತ್ತು ವರ್ಷ ಒಂದು ಬೀದಿಯ ಜನರಿಗೆ "ಕಲ್ಲು ಹೃದಯದವರು" ಅಂತ ಹೆಸರು. ಅದನ್ನು ಯಾರು ವಾಪಸ್ ತೆಗೀತಾರೆ?

ನಿನ್ನ ಭಾಷೆಯ ಪ್ರಯೋಗ ಓದಿದಾಗ ನನಗೆ ಹೆದರಿಕೆ ಆದದ್ದು ಅದಕ್ಕೇ. ಕನ್ನಡದಲ್ಲಿ ನೀರು ಕೇಳಿದ್ರೆ ಇಷ್ಟು ಪರ್ಸೆಂಟ್, ಮಲಯಾಳದಲ್ಲಿ ಕೇಳಿದ್ರೆ ಇಷ್ಟು ಪರ್ಸೆಂಟ್ ಅಂತ ನೀನೊಂದು ಟೇಬಲ್ ಹಾಕ್ತಿ. ಅದು ಪೇಪರಿಗೆ ಬಂದ್ರೆ ಎಂತ ಹೆಡ್ಡಿಂಗ್ ಬರ್ತದೆ? 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಇಲ್ಲಿ ಎರಡೂ ಭಾಷೆಯವರು ಒಂದೇ ಅಂಗಡಿಯಲ್ಲಿ ಚಾ ಕುಡೀತಾ ಬಂದವರು, ಗಲಾಟೆ ಇಲ್ಲ ಅಂತ ಅಲ್ಲ, ಶಾಲೆಗೆ ಕನ್ನಡ ಬಾರದ ಟೀಚರು ಬಂದಾಗ ನಾವೇ ಗೇಟಲ್ಲಿ ಕೂತವರು. ಆ ಜಗಳ ಎದುರೆದುರು ಮಾಡುವುದು. ಬಿದ್ದವರನ್ನು ಎತ್ತುವಾಗ ಯಾರೂ ಭಾಷೆ ಕೇಳ್ಲಿಲ್ಲ ಅಂತ ನಾನು ನಂಬಿದ್ದೇನೆ. ಮತ್ತೆ ಬಸ್‌ಸ್ಟ್ಯಾಂಡಲ್ಲಿ ಅರ್ಧ ಜನರ ಮನೆಮಾತು ತುಳು, ಬ್ಯಾರಿ, ಕೊಂಕಣಿ, ಮರಾಟಿ. ಅವರನ್ನು ಯಾವ ಕಾಲಮಿಗೆ ಹಾಕ್ತಿ?

ಕೊನೆಬೆಂಚು_ಲೆಕ್ಚರರ್

ಮಾಷ್ಟ್ರೇ, ಹೆಚ್ಚಿನದ್ದು ಒಪ್ತೇನೆ, ಆದ್ರೆ "ನಂಬಿದ್ದೇನೆ" ಅಂದಲ್ಲಿ ಒಂದು ತಕರಾರು. ಇಂಗ್ಲೆಂಡಿನ ಮಾರ್ಕ್ ಲೆವಿನ್ ಮತ್ತೆ ಜೊತೆಯವ್ರು 2005ರಲ್ಲಿ ಮಾಡಿದ್ದು ಹೀಗೆ: ಮ್ಯಾಂಚೆಸ್ಟರ್ ಯುನೈಟೆಡ್ ಅಭಿಮಾನಿಗಳನ್ನು ಬೇರೆ ಏನೋ ಸ್ಟಡಿ ಅಂತ ಕರೆದು, ಒಂದು ಬಿಲ್ಡಿಂಗಿಂದ ಇನ್ನೊಂದಕ್ಕೆ ನಡೆಸುವಾಗ ಎದುರು ಒಬ್ಬ ಓಡ್ತಾ ಬಂದು ಬೀಳುದು. ತಮ್ಮ ತಂಡದ ಶರ್ಟ್ ಇದ್ರೆ ಹೆಚ್ಚಿನವ್ರು ಎತ್ತಿದ್ರು, ಲಿವರ್‌ಪೂಲ್ ಶರ್ಟ್ ಇದ್ರೆ ತುಂಬಾ ಕಡ್ಮೆ. ಆದ್ರೆ ಎರಡನೇ ಸುತ್ತಲ್ಲಿ ಮೊದ್ಲೇ "ನಾವೆಲ್ಲ ಫುಟ್ಬಾಲ್ ಪ್ರೇಮಿಗಳು" ಅನ್ನುವ ಭಾವನೆ ಮೂಡಿಸಿದಾಗ ಲಿವರ್‌ಪೂಲ್ ಶರ್ಟಿನವನಿಗೂ ಸಹಾಯ ಸಿಕ್ತು. ಕೇಳಿದ್ರೆ ಯಾರೂ "ನಾನು ಶರ್ಟ್ ನೋಡಿ ಎತ್ತುದು" ಅಂತ ಹೇಳ್ಲಿಕ್ಕಿಲ್ಲ. ಮಿಲ್ಗ್ರಾಮ್ ಶಾಕ್ ಪ್ರಯೋಗದಲ್ಲೂ ಅಷ್ಟೇ, ಪ್ರಯೋಗದವ್ರು ಹೇಳಿದ್ರು ಅಂತ ಇನ್ನೊಬ್ಬನಿಗೆ ಕರೆಂಟ್ ಶಾಕ್ ಕೊಡ್ತಾರಾ ಅಂತ ನೋಡಿದ್ದು, ಶಾಕ್ ಸುಳ್ಳು. ಸಾವಿರಕ್ಕೆ ಒಬ್ಬ ಕೊನೆ ವರೆಗೆ ಹೋದಾನು ಅಂತ ಮಾನಸಿಕ ವೈದ್ಯರೇ ಅಂದಾಜು ಮಾಡಿದ್ದು, ನಿಜದಲ್ಲಿ 40 ಜನರಲ್ಲಿ 26 ಜನ 450 ವೋಲ್ಟ್ ವರೆಗೆ ಹೋದ್ರು. ಜನ ಹೇಳುದಕ್ಕೂ ಮಾಡುದಕ್ಕೂ ಇಷ್ಟು ಅಂತರ ಇರುವಾಗ ಬರೀ ಇಂಟರ್‌ವ್ಯೂ ಮಾಡಿದ್ರೆ ಎಲ್ಲರೂ ಒಳ್ಳೆಯವ್ರೇ ಅಂತ ರಿಸಲ್ಟ್ ಬರ್ತದೆ. ಹಾಗಾಗಿ ಸ್ವಲ್ಪ ಮಟ್ಟಿಗೆ ಮುಚ್ಚಿಡುದು ಬೇಕೇ ಬೇಕು ಅಂತ ನನ್ನ ವಾದ. ಅದನ್ನು ಎಲ್ಲಿ, ಯಾರ ಮೇಲೆ, ಆಮೇಲೆ ಎಂತ ಮಾಡ್ತೇವೆ ಅನ್ನುದು ಪ್ರಶ್ನೆ. ಲೆವಿನ್ ಅವ್ರ ಹುಡುಗರು ಒಂದು ಸ್ಟಡಿಗೆ ಅಂತ ಒಪ್ಪಿ ಬಂದವ್ರು. ಬಸ್‌ಸ್ಟ್ಯಾಂಡಿನವ್ರು ಮುಳ್ಳೇರಿಯ ಬಸ್ಸಿಗೆ ಬಂದವ್ರು.

ಸ್ವರ್ಗ_ರೋಡು

ಎಣ್ಮಕಜೆಯ ಸ್ವರ್ಗ ಅನ್ನುವ ಊರಿನವ ನಾನು. ಇಷ್ಟು ಹೊತ್ತು ಓದ್ತಾ ಇದ್ದೆ, ಬರೀಬೇಕಾ ಬೇಡ್ವಾ ಅಂತ.

ನಮ್ಮ ಗುಡ್ಡದ ಗೇರು ತೋಟಕ್ಕೆ ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಹೆಲಿಕಾಪ್ಟರಲ್ಲಿ ಎಂಡೋಸಲ್ಫಾನ್ ಬಿಟ್ರು, 2000ದ ಹೊತ್ತಿಗೆ ನಿಂತದ್ದು, 2011ರಲ್ಲಿ ಸುಪ್ರೀಂ ಕೋರ್ಟ್ ದೇಶಕ್ಕೇ ನಿಲ್ಲಿಸಿತು, 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಿ ಅಂತ ಹೇಳಿತು. ಅದೆಲ್ಲ ನಿಮಗೆ ಗೊತ್ತುಂಟು. ನಿಮಗೆ ಗೊತ್ತಿಲ್ಲದ್ದು ಎಂತ ಅಂದ್ರೆ ಆ ವರ್ಷಗಳಲ್ಲಿ ಎಷ್ಟು ಜನ ಫಾರ್ಮ್ ಹಿಡ್ಕೊಂಡು ಬಂದ್ರು ಅಂತ. ಡಾಕ್ಟ್ರುಗಳು, ಪತ್ರಿಕೆಯವ್ರು, ಪಿಎಚ್‌ಡಿಯವ್ರು, ಕ್ಯಾಮರಾದವ್ರು, ಒಬ್ರು ಹೋದ್ರೆ ಇನ್ನೊಬ್ರು. ಅದ್ರಲ್ಲಿ ನಮಗೆ ಉಪಕಾರ ಆದ ಸ್ಟಡಿಯೂ ಉಂಟು, ಅವ್ರು ಬಾರದಿದ್ರೆ ಕೇಸೇ ನಿಲ್ತಿರ್ಲಿಲ್ಲ, ಇಲ್ಲ ಅಂತ ಹೇಳುದಿಲ್ಲ. ಆದ್ರೆ ಎಷ್ಟೋ ಜನ ರಕ್ತ ತಗೊಂಡು ಹೋದವ್ರು ರಿಪೋರ್ಟ್ ಎಂತ ಬಂತು ಅಂತ ಹೇಳ್ಲಿಕ್ಕೆ ತಿರುಗಿ ಬರ್ಲಿಲ್ಲ. ಒಪ್ಪಿಗೆ ಪತ್ರ ಮಲಯಾಳದಲ್ಲೋ ಇಂಗ್ಲಿಷಲ್ಲೋ, ನಮ್ಮ ಅಜ್ಜಿಗೆ ಕನ್ನಡ ಓದ್ಲಿಕ್ಕೇ ಕಷ್ಟ, ಹೆಬ್ಬೆಟ್ಟು ಒತ್ತಿ ಅಂದ್ರು, ಒತ್ತಿದ್ರು. ಮಕ್ಕಳ ಫೋಟೋ ಎಲ್ಲೆಲ್ಲಿ ಹೋಯ್ತು ದೇವ್ರಿಗೇ ಗೊತ್ತು.

ಹಾಗಾಗಿ ಲೆಕ್ಚರರ್ ಹೇಳಿದ ಮೂರರಲ್ಲಿ ಮೂರನೇದು ನ್ಯಾಯ ಅಂತ ಇತ್ತಲ್ಲ, ಅದ್ರ ಮೇಲೆ ಯಾರೂ ಮಾತಾಡ್ಲಿಲ್ಲ. ಪ್ರಯೋಗ ಯಾವಾಗ್ಲೂ ಕೈಗೆ ಸಿಗುವವ್ರ ಮೇಲೆ. ಬಸ್ಸಿಗೆ ಕಾಯುವವ್ರ ಮೇಲೆ ಯಾಕೆ, ಏರ್‌ಪೋರ್ಟ್ ಲಾಂಜಲ್ಲಿ ಬಿದ್ದು ನೋಡಿ. ಅಲ್ಲಿ ಸೆಕ್ಯೂರಿಟಿಯವ್ರು ಬಿಡುದಿಲ್ಲ ಅಲ್ವಾ? ಅದೇ.

ಕುಂಬಳೆ_ರಿಕ್ಷಾ

ಸ್ವರ್ಗದ ಅಣ್ಣ ಹೇಳಿದ್ದಕ್ಕೆ ಮಾತಿಲ್ಲ.

ಲೆಕ್ಚರರ್ ಸರ್, ನೀವು ಕೇಳಿದ್ರೆ ಎಲ್ಲರೂ ಒಳ್ಳೆಯವ್ರೇ ಅಂತ ಹೇಳ್ತಾರೆ ಅಂದ್ರಲ್ಲ. ಅದು ನೀವು ಕೇಳುವ ಕ್ರಮದಲ್ಲಿ ಉಂಟು. "ಸಹಾಯ ಮಾಡ್ತೀರಾ" ಅಂತ ಕೇಳಿದ್ರೆ ಹೌದು ಅಂತ್ಲೇ ಹೇಳುದು. "ಯಾವಾಗ ಮಾಡ್ಲಿಲ್ಲ" ಅಂತ ಕೇಳಿ, ಜೊತೆಗೆ ಒಂದು ಚಾ ಕುಡಿಸಿ. ನಮ್ಮ ಸ್ಟ್ಯಾಂಡಲ್ಲಿ ಒಬ್ಬೊಬ್ರಿಗೂ ಒಂದು ಕತೆ ಉಂಟು. ಆಕ್ಸಿಡೆಂಟ್ ಆದವ್ರನ್ನು ಆಸ್ಪತ್ರೆಗೆ ಹಾಕಿ ಆಮೇಲೆ ಸಾಕ್ಷಿ ಅಂತ ಕೋರ್ಟಿಗೆ ಅಲೆದವ್ರು, ಸೀಟಿನ ರಕ್ತ ತೊಳೆದವ್ರು, ನೀನೇ ಗುದ್ದಿದ್ದಾ ಅಂತ ಕೇಳಿಸ್ಕೊಂಡವ್ರು. ಈಗ ಕಾನೂನು ಬಂದಿದೆ, 2019ರ ಮೋಟಾರ್ ವಾಹನ ತಿದ್ದುಪಡಿಯಲ್ಲಿ 134ಎ, ಆಸ್ಪತ್ರೆಗೆ ತಂದು ಬಿಟ್ಟವನ ಮೇಲೆ ಕೇಸಿಲ್ಲ, ಹೆಸ್ರು ಹೇಳ್ಲಿಕ್ಕೆ ಒತ್ತಾಯ ಮಾಡುವ ಹಾಗಿಲ್ಲ. ಯೂನಿಯನ್ ಮೀಟಿಂಗಲ್ಲಿ ಹೇಳಿದ್ರು. ಆದ್ರೆ ಎಷ್ಟು ಜನ ಅದನ್ನು ನಂಬ್ತಾರೆ ಅಂತ ಕೇಳಿದ್ರೆ ಅದೇ ಒಂದು ಡೆಸರ್ಟೇಶನ್ ಆಗ್ತದೆ, ಯಾರೂ ಬೀಳ್ಬೇಕೂಂತ ಇಲ್ಲ.

ಬದಿಯಡ್ಕ_ಎಂಎಸ್ಸಿ

ಅಣ್ಣ ಇದು ತುಂಬಾ ಒಳ್ಳೆ ಪಾಯಿಂಟ್. ಆದ್ರೂ ಒಂದು ಕೇಳ್ತೇನೆ. ಬಿದ್ದ ಐದು ನಿಮಿಷಕ್ಕೇ ಎಲ್ಲರಿಗೂ ನಿಜ ಹೇಳಿ, ಒಂದು ಚೀಟಿ ಕೊಟ್ಟು, ವಿಡಿಯೋ ಬೇಡ ಅಂದವ್ರದ್ದು ಡಿಲೀಟ್ ಮಾಡಿದ್ರೆ? ಎಪಿಎ (ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘ) ನಿಯಮದಲ್ಲೂ ಆದಷ್ಟು ಬೇಗ ನಿಜ ಹೇಳ್ಬೇಕು, ತನ್ನ ಡೇಟಾ ವಾಪಸ್ ತಗೊಳ್ಳುವ ಅವಕಾಶ ಕೊಡ್ಬೇಕು ಅಂತ ಉಂಟು. ಡೀಬ್ರೀಫಿಂಗ್ ಮಾಡಿದ್ರೆ ಸಾಕಾಗುದಿಲ್ವಾ?

ಕ್ಯಾಶುವಾಲ್ಟಿ_ಸಿಸ್ಟರ್

ಯಾರಿಗೆ ಕೊಡ್ತೀರಿ ಚೀಟಿ? ಎತ್ತಲಿಕ್ಕೆ ಬಂದವ್ರಿಗೆ ಕೊಡ್ಬಹುದು. ನೋಡಿ ಮುಂದೆ ಹೋದವನು ಅಷ್ಟೊತ್ತಿಗೆ ಬಸ್ ಹತ್ತಿ ಆಗಿದೆ, ಅವನ ಡೇಟಾ ನಿಮ್ಮ ಹತ್ರ ಉಂಟು, ಅವನಿಗೆ ಗೊತ್ತೇ ಇಲ್ಲ. ನಿಮಗೆ ಮುಖ್ಯ ಬೇಕಾದದ್ದು ಅವನೇ.

ಓಡಿಹೋಗಿ ಅವನಿಗೂ ಹೇಳಿದ್ರಿ ಅಂತ ಇಟ್ಕೊಳ್ಳಿ. ಎಂತ ಹೇಳ್ತೀರಿ? "ನೀವು ಸಹಾಯ ಮಾಡ್ಲಿಲ್ಲ, ಪರವಾಗಿಲ್ಲ, ಇದು ನಾಟಕ" ಅಂತಲಾ? ಅವನು ಮನೆಗೆ ಹೋಗಿ ರಾತ್ರಿ ಇಡೀ ಅದನ್ನೇ ಯೋಚನೆ ಮಾಡ್ತಾನೆ. ತನ್ನ ಬಗ್ಗೆ ತಿಳ್ಕೊಳ್ಬೇಕು ಅಂತ ಅವನು ನಿಮ್ಮನ್ನು ಕೇಳಿರ್ಲಿಲ್ಲ.

ಕೊನೆಬೆಂಚು_ಲೆಕ್ಚರರ್

ಸಿಸ್ಟರ್ ಹೇಳಿದ್ದು ಡಾರ್ಲಿ ಲಟಾನೆ ಅವ್ರ ಪೇಪರಲ್ಲೇ ಉಂಟು ಒಂದು ರೀತಿಯಲ್ಲಿ. ಫಿಟ್ಸ್ ಪ್ರಯೋಗದಲ್ಲಿ ಎದ್ದು ಹೋಗದವ್ರ ರೂಮಿಗೆ ಕೊನೆಗೆ ಹೋದಾಗ ಅವ್ರ ಕೈ ನಡುಗ್ತಿತ್ತು, ಅಂಗೈ ಬೆವರಿತ್ತು, "ಅವನಿಗೆ ಏನಾಯ್ತು, ಸರಿ ಇದ್ದಾನಾ" ಅಂತ ಕೇಳಿದ್ರು. ಕಾಳಜಿ ಇಲ್ಲದವ್ರಲ್ಲ, ಏನು ಮಾಡುದು ಅಂತ ತೀರ್ಮಾನ ಆಗದೆ ಸಿಕ್ಕಿಬಿದ್ದವ್ರು. ಆ ಸ್ಥಿತಿಯಲ್ಲಿ ಒಬ್ಬನನ್ನು ಹಾಕಿ, ಆಮೇಲೆ ಅವನಿಗೇ ಅವನ ಫೋಟೋ ತೋರಿಸಿದ ಹಾಗೆ. ಮಿಲ್ಗ್ರಾಮ್ ಮೇಲೆ ಡಯಾನಾ ಬಾಮ್‌ರಿಂಡ್ 1964ರಲ್ಲೇ ಬರೆದ ಟೀಕೆಯ ಒಂದು ಮುಖ್ಯ ಭಾಗ ಇದೇ ಜಾಗಕ್ಕೆ ಬರ್ತದೆ, ಬಂದವ್ರ ನೆಮ್ಮದಿ ಕದಡಿ ಕಳಿಸಿದ್ರಿ ಅಂತ. ಭಾಗವಹಿಸಿದವ್ರಲ್ಲಿ 84% ಜನ ಬಂದದ್ದಕ್ಕೆ ಖುಷಿ ಅಂತ ಹೇಳಿದ್ದಾರೆ ಅಂತ ಮಿಲ್ಗ್ರಾಮ್ ಸಮಜಾಯಿಷಿ ಕೊಟ್ರು. ನನಗೆ ಆ ಲೆಕ್ಕ ಪೂರ್ತಿ ಸಮಾಧಾನ ಕೊಟ್ಟದ್ದಿಲ್ಲ. ಆದ ಮೇಲೆ ಒಪ್ಪಿದ್ದು ಮೊದ್ಲಿನ ಒಪ್ಪಿಗೆ ಆಗುದಿಲ್ಲ.

ಇನ್ನೊಂದು, ಸುರುವಿನಲ್ಲಿ ನೀವು ಬರೆದದ್ದು ನನಗೆ ಕೊರೀತಾ ಉಂಟು. ಗೈಡ್ ಹೇಳಿದ್ರು ಕಮಿಟಿ ನೋಡ್ತದೆ ಅಂತ. ಕಮಿಟಿಯವ್ರು ಎಂತ ತಿಳ್ಕೊಳ್ತಾರೆ, ಗೈಡ್ ಸಹಿ ಉಂಟಲ್ಲ, ಅವ್ರು ನೋಡಿರ್ತಾರೆ. ನೀವು, ಇಬ್ರೂ ನೋಡಿದ್ದಾರೆ. ಹತ್ತು ಜನ ಸಹಿ ಹಾಕಿ ಒಬ್ರೂ ನೋಡದಿರುವ ಫೈಲ್ ನಾನು ಬೇಕಾದಷ್ಟು ಕಂಡಿದ್ದೇನೆ. ನೀವು ಬಸ್‌ಸ್ಟ್ಯಾಂಡಲ್ಲಿ ಹುಡುಕ್ಲಿಕ್ಕೆ ಹೊರಟದ್ದು ನಿಮ್ಮ ಡಿಪಾರ್ಟ್‌ಮೆಂಟಲ್ಲೇ ಆಗ್ತಾ ಉಂಟು. 1971ರ ಸ್ಟ್ಯಾನ್‌ಫರ್ಡ್ ಜೈಲು ಪ್ರಯೋಗ ನೆನಪು ಮಾಡ್ಕೊಳ್ಳಿ, ಹುಡುಗರನ್ನೇ ಕೈದಿ, ಕಾವಲುಗಾರ ಅಂತ ಮಾಡಿ ಸುಳ್ಳು ಜೈಲಲ್ಲಿ ಇಟ್ಟದ್ದು, ಹೊರಗಿನವ್ರು ಐವತ್ತಕ್ಕಿಂತ ಹೆಚ್ಚು ಜನ ಅದನ್ನು ನೋಡಿದ್ರು, ಇದು ಸರಿಯಲ್ಲ ಅಂತ ಎದುರು ಹೇಳಿದ್ದು ಕ್ರಿಸ್ಟೀನಾ ಮ್ಯಾಸ್ಲಾಕ್ ಒಬ್ರೇ ಅಂತ ಅದನ್ನು ಮಾಡಿಸಿದ ಜಿಂಬಾರ್ಡೊ ಅವ್ರೇ ಬರೆದಿದ್ದಾರೆ. ಎರಡು ವಾರದ್ದು ಆರೇ ದಿನಕ್ಕೆ ನಿಂತಿತು. ನಿಮ್ಮ ರೂಮ್‌ಮೇಟ್‌ಗೆ ನನ್ನ ನಮಸ್ಕಾರ ಹೇಳಿ.

ಸುಮ್ನೆ_ನೋಡುವವ

ಸರಿ, ಹಾಗಾದ್ರೆ ಒಬ್ರೂ ಬೀಳ್ಬಾರದು. ಬೈಸ್ಟ್ಯಾಂಡರ್ ಎಫೆಕ್ಟ್ ಓದುದು ಹೇಗೆ ಮತ್ತೆ?

ಕೊನೆಬೆಂಚು_ಲೆಕ್ಚರರ್

ನಿಜವಾಗಿ ಆದದ್ದನ್ನು ನೋಡಿ. 2019ರಲ್ಲಿ ಫಿಲ್ಪಾಟ್ ಅನ್ನುವವ್ರ ತಂಡ ಆಮ್‌ಸ್ಟರ್‌ಡ್ಯಾಮ್, ಲಂಕಾಸ್ಟರ್, ಕೇಪ್‌ಟೌನ್ ಮೂರು ಊರಿನ ಸಿಸಿಟಿವಿಯಲ್ಲಿ ಸಿಕ್ಕಿದ ಬೀದಿ ಜಗಳದ 219 ವಿಡಿಯೋ ನೋಡಿತು. ಹತ್ತರಲ್ಲಿ ಒಂಬತ್ತು ಸಲ ಕಡ್ಮೆ ಅಂದ್ರೂ ಒಬ್ಬ ಮಧ್ಯೆ ಹೋಗಿದ್ದ, ಜನ ಜಾಸ್ತಿ ಇದ್ದಷ್ಟೂ ಯಾರಾದ್ರೊಬ್ರು ಹೋಗುವ ಸಾಧ್ಯತೆ ಜಾಸ್ತಿಯೇ ಇತ್ತು. ಗಮನಿಸಿ, ಇದು ಡಾರ್ಲಿ ಹೇಳಿದ್ದಕ್ಕೆ ನೇರ ವಿರುದ್ಧ ಅಲ್ಲ. ಒಬ್ಬೊಬ್ಬನ ಮನಸ್ಸಲ್ಲಿ ಹಿಂಜರಿಕೆ ಹೆಚ್ಚಾಗ್ಬಹುದು, ಆದ್ರೂ ಬಿದ್ದವನ ಲೆಕ್ಕದಲ್ಲಿ ಗುಂಪಲ್ಲಿ ಒಬ್ಬನಾದ್ರೂ ಬರ್ತಾನೆ. ಯಾರನ್ನೂ ಮೋಸ ಮಾಡದೆ ಸಿಕ್ಕಿದ್ದು ಇದು, ಯಾರೂ ನಾಟಕ ಆಡ್ಲಿಲ್ಲ. ಸಿಸಿಟಿವಿಗೆ ಅನುಮತಿ, ಮುಖ ಮರೆಸುದು ಎಲ್ಲ ಬೇರೆ ತಲೆನೋವು, ಎಂಎಸ್ಸಿಗೆ ಸಿಗುದೂ ಕಷ್ಟ.

ನಿಮಗೆ ಆಗುದು ರಿಕ್ಷಾದ ಅಣ್ಣ ಹೇಳಿದ್ದು. ನಿಜವಾಗಿ ಎತ್ತಿದವ್ರನ್ನೂ ಎತ್ತದೆ ಹೋದದ್ದು ನೆನಪಿರುವವ್ರನ್ನೂ ಕೂರಿಸಿ ಮಾತಾಡಿಸಿ. ಮುಚ್ಚಿಡುವ ಪ್ರಯೋಗ ಬೇಕೇ ಬೇಕು ಅಂತ ಇದ್ರೆ ಕಾಲೇಜಿನ ಒಳಗೆ, ಒಪ್ಪಿ ಬಂದವ್ರ ಜೊತೆ, ಸಣ್ಣದು, ಪೆನ್ನಿನ ಡಬ್ಬಿ ಕೆಳಗೆ ಬಿತ್ತು ಅನ್ನುವಷ್ಟು.

ಸ್ವರ್ಗ_ರೋಡು

ಒಪ್ಪಿಗೆ ಪತ್ರ ಯಾವ ಭಾಷೆಯಲ್ಲಿ?

ಬದಿಯಡ್ಕ_ಎಂಎಸ್ಸಿ

ಕನ್ನಡ ಮತ್ತೆ ಮಲಯಾಳ ಎರಡರಲ್ಲೂ. ಓದ್ಲಿಕ್ಕೆ ಬಾರದವ್ರಿಗೆ ತುಳುವಲ್ಲಿ ಬಾಯಲ್ಲೇ ಹೇಳ್ತೇನೆ, ನನಗೆ ಬರ್ತದೆ. ಭಾಷೆಯ ಟೇಬಲ್ ತೆಗೆದೆ ಮಾಷ್ಟ್ರೇ. ಬೀಳುದನ್ನು ಪೂರ್ತಿ ಬಿಟ್ಟೆ ಅಂತ ಈಗ್ಲೇ ಹೇಳುದಿಲ್ಲ, ಕಾಲೇಜಿನ ಒಳಗೆ ಮಾಡುವ ಬಗ್ಗೆ ಗೈಡ್ ಹತ್ರ ಮಾತಾಡ್ಬೇಕು, ಆದ್ರೆ ಬಸ್‌ಸ್ಟ್ಯಾಂಡಲ್ಲಿ ಇಲ್ಲ.

ಪೆರ್ಲದ_ಮಾಷ್ಟ್ರು

ಕನ್ನಡ ಪ್ರತಿ ಮೊದ್ಲು ನನಗೆ ಕಳಿಸು, ನೋಡಿ ಕೊಡ್ತೇನೆ. "ಸದರಿ ಅಧ್ಯಯನದ ಉದ್ದೇಶಕ್ಕಾಗಿ" ಅಂತೆಲ್ಲ ಬರೀಬೇಡ, ಯಾರಿಗೂ ಅರ್ಥ ಆಗುದಿಲ್ಲ.

ಸ್ವರ್ಗ_ರೋಡು

ಮುಗಿದ ಮೇಲೆ ರಿಸಲ್ಟ್ ಎಂತ ಬಂತು ಅಂತ ಆ ರಿಕ್ಷಾದವ್ರಿಗೆ ಹೋಗಿ ಹೇಳ್ತೀರಾ ಇಲ್ವಾ? ಅದನ್ನೂ ಪತ್ರದಲ್ಲೇ ಬರೀರಿ, ದಿನಾಂಕ ಹಾಕಿ.

ಕುಂಬಳೆ_ರಿಕ್ಷಾ

ಕುಂಬಳೆ ಸ್ಟ್ಯಾಂಡಿಗೆ ಬರುದಾದ್ರೆ ಮಧ್ಯಾಹ್ನ ಎರಡರ ನಂತ್ರ ಬಾ ತಂಗಿ. ಬೆಳಿಗ್ಗೆ ಶಾಲೆ ಟ್ರಿಪ್, ಯಾರಿಗೂ ಮಾತಾಡ್ಲಿಕ್ಕೆ ಪುರ್ಸೊತ್ತಿಲ್ಲ. ಶುಕ್ರವಾರ ಬೇಡ, ಅರ್ಧ ಜನ ಜುಮ್ಮಾಕ್ಕೆ ಹೋಗಿರ್ತಾರೆ.